ಶಿವಬಸವ್ವನ ಉತಾರ

ನಮ್ಮ ಚನ್ನಶ್ರೀ ಕಾಲೋನಿಯಲ್ಲಿ ಯಾರ ಮನೆ ಎಲ್ಲಿದೆ ಎಂದು ಶಿವಬಸವ್ವನನ್ನು ಕೇಳಿದರೆ ಆಕೆ ತಪ್ಪದೆ ಹೇಳುತ್ತಾಳೆ. ಆದರೆ ಆಕೆ ಹೇಳಿದ ವಿಳಾಸ ಹಿಡಿದು ಹೊರಟ ಕೊರಿಯರಿನವರು ಯಾರೂ ಈವರೆಗೆ ಮನೆ ಮುಟ್ಟಿಲ್ಲ. ಐದನೇ ಕ್ರಾಸು, ಎರಡನೇ ಮೇನು ಎಂಬುದೆಲ್ಲ ಆಕೆಗೆ ಬೇಡ; ಇಲ್ಲಿ ಮೊದಲಿದ್ದ ಗದ್ದೆಗಳ ಹೆಸರೇ ಸಾಕು. ಹಲ್ಲಿನ ಡಾಕ್ಟರರು ಇರುವುದು ಬಾವಿಪಟ್ಟಿಯಲ್ಲಿ. ಬ್ಯಾಂಕಿನ ಮ್ಯಾನೇಜರರದು ತಗ್ಗಿನಪಟ್ಟಿ. ಹೊಸದಾಗಿ ಶುರುವಾದ ಜಿಮ್ಮು ಕಣದಲ್ಲಿದೆ. ಆ ಕಣದಲ್ಲಿ ಒಂದು ಕಾಲಕ್ಕೆ ಎತ್ತುಗಳು ಸುತ್ತು ಹಾಕಿ ಭತ್ತ ತುಳಿಯುತ್ತಿದ್ದವು; ಈಗ ಗಾಜಿನ ಗೋಡೆಯೊಳಗೆ ಜನ ನಿಂತಲ್ಲೇ ಓಡುತ್ತಾರೆ. ಎತ್ತು ಸುತ್ತಿದರೆ ಭತ್ತವಾದರೂ ಉದುರುತ್ತಿತ್ತು, ಇವರು ಇಷ್ಟು ಓಡಿ ಏನು ಉದುರಿಸುತ್ತಾರೆ ಎಂದು ಆಕೆ ಒಮ್ಮೆ ನನ್ನನ್ನು ಕೇಳಿದಳು. ಬೊಜ್ಜು ಎಂದೆ. ಮನೆ ಮುಟ್ಟುವತನಕ ನಗುತ್ತ ಹೋದಳು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಈ ಕಾಲೋನಿಗೆ ಮೊದಮೊದಲು ಬಂದ ನಾಲ್ಕಾರು ಮನೆಗಳಲ್ಲಿ ನಮ್ಮದೂ ಒಂದು. ಶಿವಬಸವ್ವನ ಪ್ರಕಾರ ನಮ್ಮ ಮನೆ ನಿಂತಿರುವುದು ತಿಪ್ಪೆಯ ಮೇಲೆ. ಮೊದಲ ಸಲ ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಸಾಲ ಮಾಡಿ ಕಟ್ಟಿಸಿದ ಮನೆಗೆ ತಿಪ್ಪೆ ಎಂದರೆ ಯಾರಿಗೆ ಬರುವುದಿಲ್ಲ? ಆಕೆ ಮಾತ್ರ ಅದನ್ನು ಹೊಗಳಿಕೆಯೆಂದೇ ಹೇಳಿದ್ದು. ಅಲ್ಲಿ ಏನು ನೆಟ್ಟರೂ ಬರುತ್ತದೆ ಎಂದಳು. ನಮ್ಮ ಹಿತ್ತಲಿನ ಕರಿಬೇವು ಈಗ ಎರಡನೇ ಮಹಡಿಗೆ ಕೈಚಾಚಿದೆ. ಅಂದಿನಿಂದ ನಾನು ತಿಪ್ಪೆಯವಳೆಂದು ಒಪ್ಪಿಕೊಂಡುಬಿಟ್ಟಿದ್ದೇನೆ.

ಆಕೆ ಹುಟ್ಟಿದ್ದು ಖಾನಾಪುರ ತಾಲೂಕಿನಲ್ಲಿ, ಜಾಂಬೋಟಿ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಲಿಂಗ ಕಟ್ಟಿಕೊಂಡ ಮನೆತನದ ಹುಡುಗಿ ಓಣಿಯ ಗೆಳತಿಯರ ಜೊತೆ ಮರಾಠಿಯಲ್ಲಿ ಜಗಳವಾಡಿ ಬಂದು ತಾಯಿಯ ಹತ್ತಿರ ಕನ್ನಡದಲ್ಲಿ ಅಳುತ್ತಿದ್ದಳಂತೆ. ಮದುವೆಯಾಗಿ ಬೆಳಗಾವಿಯ ಅಂಚಿನ ಈ ಊರಿಗೆ ಬಂದಾಗ ಇದು ಊರೂ ಅಲ್ಲ, ನಾಲ್ಕು ಹಂಚಿನ ಮನೆ ಮತ್ತು ಸುತ್ತ ಗದ್ದೆ. ಗಂಡ ಬಸಲಿಂಗಪ್ಪನಿಗೆ ಒಂದು ಬಾವಿ, ಅದರ ಸುತ್ತ ಮೂರು ಪಟ್ಟಿ ಭೂಮಿ. ಮಳೆಗಾಲಕ್ಕೆ ಬಾಸುಮತಿ ಭತ್ತ, ಅದನ್ನು ಕೊಯ್ದ ಮೇಲೆ ಅದೇ ಹಸಿಯಲ್ಲಿ ಮಸೂರ. ತೆನೆ ಹೂ ಬಿಡುವ ಕಾಲದಲ್ಲಿ ಬಾಸುಮತಿಯ ವಾಸನೆ ರಸ್ತೆಯತನಕ ಬರುತ್ತಿತ್ತು. ಕಾಲೇಜಿಗೆ ಸೈಕಲ್ ಮೇಲೆ ಹೋಗುವವರು ಅಲ್ಲಿ ಬಂದಾಗ ಪೆಡಲು ತುಳಿಯುವುದನ್ನು ಬಿಟ್ಟು ಹಾಗೇ ಸಾಗುತ್ತಿದ್ದರು ಎಂದು ಆಕೆ ಹೇಳುತ್ತಾಳೆ. ಇದನ್ನು ನಾನು ನಂಬುತ್ತೇನೆ, ಏಕೆಂದರೆ ಹಾಗೆ ಸಾಗಿದವರಲ್ಲಿ ನಾನೂ ಒಬ್ಬಳು.

ಪಟ್ಟಣ ಒಮ್ಮೆಗೇ ಬರಲಿಲ್ಲ. ಮೊದಲು ಇಟ್ಟಿಗೆ ಭಟ್ಟಿಯವರು ಬಂದು ಮೇಲ್ಮಣ್ಣು ಕೇಳಿದರು. ಆಮೇಲೆ ವಿದ್ಯುತ್ ಕಂಬ ಬಂದವು, ಅವುಗಳ ಹಿಂದೆಯೇ ಟೇಪು ಮತ್ತು ಸುಣ್ಣದ ಪುಡಿ ಹಿಡಿದವರು. ಅಕ್ಕಪಕ್ಕದವರ ಭೂಮಿ ಒಂದೊಂದಾಗಿ ಎನ್‌ಎ ಆಯಿತು. ಎನ್‌ಎ ಎಂದರೆ ಇನ್ನು ಮೇಲೆ ಕೃಷಿಗಲ್ಲ ಎಂಬ ಸರಕಾರದ ಮುದ್ರೆ. ನಮ್ಮ ಕಡೆ ಅದನ್ನು ಜ್ವರ ಬಂತು ಎನ್ನುವ ಧಾಟಿಯಲ್ಲಿ ಹೇಳುತ್ತಾರೆ: ಪಾಪ, ಅವರ ಹೊಲಾನೂ ಎನ್‌ಎ ಆತಂತ. ಸುತ್ತ ಮನೆ ಎದ್ದ ಮೇಲೆ ಗದ್ದೆಗೆ ನೀರು ಬರುವ ದಾರಿ ಮುಚ್ಚಿತು, ಬಂದ ನೀರಿಗೆ ಹೋಗಲು ದಾರಿ ಇರಲಿಲ್ಲ. ಗದ್ದೆಯಿಂದ ಸೊಳ್ಳೆ ಬರುತ್ತವೆ ಎಂದು ಹೊಸಬರು ಬಸಲಿಂಗಪ್ಪನ ಮನೆಗೇ ಬಂದು ತಕರಾರು ಹೇಳಿದರು. ಕೊನೆಗೆ ಅವನೂ ಕೊಟ್ಟ. ಅತ್ತು ಕರೆದು ಕೊಡಲಿಲ್ಲ, ಒಳ್ಳೆಯ ಬೆಲೆಗೇ ಕೊಟ್ಟ. ಮಗ ಅಮರ ಮುಖ್ಯರಸ್ತೆಗೆ ನೆಲಕ್ಕೆ ಹಾಸುವ ಫರ್ಶಿ ಕಲ್ಲಿನ ಅಂಗಡಿ ಹಾಕಿದ, ಹಳೆಯ ಮನೆಯ ಜಾಗದಲ್ಲಿ ಎರಡು ಮಹಡಿ ಎಬ್ಬಿಸಿದ. ಶಿವಬಸವ್ವ ಇದಕ್ಕೆ ಯಾರನ್ನೂ ಶಪಿಸಿದವಳಲ್ಲ. ಗೀಸರ್ ಬಂದ ದಿನ ಎರಡು ಸಲ ಸ್ನಾನ ಮಾಡಿದೆ ಎಂದು ತಾನೇ ಹೇಳಿಕೊಂಡಿದ್ದಾಳೆ.

ಒಂದನ್ನು ಮಾತ್ರ ಆಕೆ ಬಿಡಲಿಲ್ಲ. ಅದು ಸೀಗಿ ಹುಣ್ಣಿಮೆಯ ಚರಗ.

ಓದುವವರಲ್ಲಿ ಹೊಲದ ಬಳಕೆ ಇಲ್ಲದವರಿಗಾಗಿ ಹೇಳುತ್ತೇನೆ. ಸೀಗಿ ಹುಣ್ಣಿಮೆಯ ಹೊತ್ತಿಗೆ ಭತ್ತದ ತೆನೆಯೊಳಗೆ ಹಾಲು ತುಂಬುತ್ತಿರುತ್ತದೆ. ಪೈರು ಬಸುರಿ, ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಇರುತ್ತದೆಯಲ್ಲ, ಅದಕ್ಕೆ ಕಡುಬು, ಹೋಳಿಗೆ, ಪುಂಡಿಪಲ್ಯ, ಬುತ್ತಿ ಮಾಡಿಕೊಂಡು ಹೊಲಕ್ಕೆ ಹೋಗಿ ಐದು ಕಲ್ಲಿಟ್ಟು ಪೂಜೆ ಮಾಡಿ, ಹಸಿರು ಬಳೆ, ರವಿಕೆಯ ಖಣ ಇಟ್ಟು ಉಡಿ ತುಂಬಿ, ಆಮೇಲೆ ಅಡುಗೆಯನ್ನು ಹೊಲದ ಸುತ್ತ ಚೆಲ್ಲುತ್ತ ಬರುತ್ತಾರೆ. ಅದೇ ಚರಗ. ಬಸಲಿಂಗಪ್ಪ ಮುಂದೆ ನಡೆದು ಚೆಲ್ಲುತ್ತ 'ಹುಲ್ಲುಲ್ಲಿಗೋ' ಎಂದು ಕೂಗುತ್ತಿದ್ದ. ಹಿಂದಿನಿಂದ ತಂಬಿಗೆಯ ನೀರು ಚಿಮುಕಿಸುತ್ತ ಶಿವಬಸವ್ವ 'ಚಲ್ಲಂಬ್ರಿಗೋ' ಎನ್ನುತ್ತಿದ್ದಳು. ಇದರ ಅರ್ಥ ಇಬ್ಬರಿಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಕನ್ನಡ ಕಲಿಸಿದ ನನಗೂ ಗೊತ್ತಿಲ್ಲ.

ಪ್ಲಾಟು ಬಿದ್ದ ಮೇಲೂ ಗಂಡ ಹೆಂಡತಿ ಇದನ್ನು ನಡೆಸಿದರು. ಬಸಲಿಂಗಪ್ಪ ಹೋದ ಮೇಲೆ ಆಕೆ ಒಬ್ಬಳೇ ನಡೆಸಿದಳು. ಆದರೆ ಕೂಗುವುದನ್ನು ಬಿಟ್ಟಳು. ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಕಿವಿಗೆ ಬಿಳಿ ಗುಂಡಿ ಸಿಕ್ಕಿಸಿಕೊಂಡು ನಡೆಯುವ ಸಾಹೇಬರ ನಡುವೆ ಮುದುಕಿ ಹುಲ್ಲುಲ್ಲಿಗೋ ಎಂದು ಒದರಿದರೆ ಏನಂದಾರು ಎಂಬ ನಾಚಿಕೆ. ಅದಕ್ಕೇ ವಾಕಿಂಗಿನವರು ಏಳುವ ಮೊದಲೇ ಬುಟ್ಟಿ ಹೊತ್ತು ಹೋಗಿ, ಎರಡು ಮಾತನ್ನೂ ತಾನೇ ಬಾಯೊಳಗೆ ಅಂದುಕೊಂಡು, ಹಳೆಯ ಬದುವಿನ ಮೂಲೆಮೂಲೆಗೆ ಒಂದೊಂದು ತುತ್ತು ಇಟ್ಟು ಬರುತ್ತಿದ್ದಳು. ಕಾಗೆಗಳು ಅದನ್ನು ಬಿಸಿಲು ಏರುವುದರೊಳಗೆ ಮುಗಿಸುತ್ತಿದ್ದವು. ಬಳೆ, ಖಣ, ದೊಡ್ಡ ಎಡೆ ಮಾತ್ರ ಐದು ಕಲ್ಲು ಇಡುತ್ತಿದ್ದ ಜಾಗಕ್ಕೇ ಹೋಗಬೇಕು. ಆ ಜಾಗ ಬಹಳ ವರ್ಷ ಹುಲ್ಲು ಬೆಳೆದ ಖಾಲಿ ಪ್ಲಾಟಾಗಿಯೇ ಉಳಿದಿತ್ತು. ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ.

ಕಳೆದ ವರ್ಷ ಅಲ್ಲಿ ಸುಲಭಾಬಾಯಿಯವರ ಮನೆ ಎದ್ದಿತು. ವಿಮಾ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮನೆಯಲ್ಲಿ ಮರಾಠಿ, ನಮ್ಮೊಡನೆ ಚೊಕ್ಕ ಕನ್ನಡ. ಮಗ ಅಜಿಂಕ್ಯ ಇಲ್ಲಿಯ ಫೌಂಡ್ರಿಯೊಂದರಲ್ಲಿ ಎಂಜಿನಿಯರ್. ಸೊಸೆ ಮುಗ್ಧಾ ಖಾನಾಪುರದವಳು, ಆಗ ಐದು ತಿಂಗಳ ಬಸುರಿ. ಮೊದಲ ಸಲದ ಬಸಿರು ಉಳಿದಿರಲಿಲ್ಲ. ಹಾಗಾಗಿ ಆ ಮನೆಯಲ್ಲಿ ಎಲ್ಲರೂ ಗಾಜಿನ ಮೇಲೆ ನಡೆದಂತೆ ನಡೆಯುತ್ತಿದ್ದರು. ಸೀಗಿ ಹುಣ್ಣಿಮೆಯ ಬೆಳಿಗ್ಗೆ ಸುಲಭಾಬಾಯಿ ರಂಗೋಲಿ ಹಾಕಲು ಗೇಟು ತೆರೆದರೆ ಎದುರಿಗೆ ಬಾಳೆಲೆ, ಅದರ ಮೇಲೆ ಕಡುಬು, ಅರಿಷಿಣ ಕುಂಕುಮ, ಹಸಿರು ಬಳೆ, ಖಣ.

ಅವರು ಕೂಗಿದ ಒಂದೇ ಶಬ್ದ 'ಉತಾರಾ'. ಯಾರದೋ ಪೀಡೆಯನ್ನು ಇಳಿಸಿ, ಮೂರು ದಾರಿ ಕೂಡುವಲ್ಲಿ ಇಟ್ಟು, ದಾಟಿದವರಿಗೆ ಅಂಟಿಸುವ ಎಡೆಗೆ ಮರಾಠಿಯಲ್ಲಿ ಆ ಹೆಸರು. ಬಸುರಿ ಇರುವ ಮನೆಯ ಬಾಗಿಲಿಗೇ ಬಳೆ ಖಣ ಇಟ್ಟಿದ್ದಾರೆಂದರೆ ಬೇಕೆಂದೇ ಇಟ್ಟಿದ್ದಾರೆ, ಹೊಟ್ಟೆಯ ಮೇಲೆ ಕಣ್ಣಿಟ್ಟು ಇಟ್ಟಿದ್ದಾರೆ ಎಂದು ಅವರಿಗೆ ಖಾತ್ರಿಯಾಯಿತು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆನೋ ಏನೋ.

ಅಂದು ಸಂಜೆಯೇ ಕಾಲೋನಿಯ ಮೀಟಿಂಗ್ ಸೇರಿತು. ನೀರಿನ ತೊಂದರೆಗೆ ಕರೆದರೆ ಆರು ಜನ ಬರುವ ಸಂಘ. ಮಾಟ ಎಂದೊಡನೆ ಕುರ್ಚಿ ಸಾಲಲಿಲ್ಲ. ಎಲ್ಲರೂ ಉತಾರ ಇಟ್ಟವರು ಯಾರು, ಉತಾರ ಇಟ್ಟವರು ಯಾರು ಎನ್ನುವಾಗ, ಕಿವಿ ಮಂದವಾದ ಗುರುಪುತ್ರಪ್ಪನವರು ಎದ್ದು ನಿಂತು, ಯಾವ ಸರ್ವೆ ನಂಬರಿನದು ಎಂದು ಕೇಳಿದರು. ನಮ್ಮ ಬೆಳಗಾವಿಯಲ್ಲಿ ಭೂಮಿಯ ಪಹಣಿಗೂ ಉತಾರವೆಂದೇ ಹೆಸರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ನಗುವ ಹೊತ್ತಾಗಿರಲಿಲ್ಲ, ಮೂಲೆಯಲ್ಲಿ ಕೂತ ಮುಗ್ಧಾಳ ಮುಖ ಬಿಳಿಚಿತ್ತು.

ಸಂಘದ ಕಾರ್ಯದರ್ಶಿ ನಮ್ಮ ಶಿವಬಸವ್ವನ ಮಗ ಅಮರ. ಕಳ್ಳರ ಕಾಟಕ್ಕೆಂದು ಕ್ಯಾಮೆರಾ ಹಾಕಿಸಿದವನೂ ಅವನೇ. ನಾಳೆಯೇ ನೋಡಿ, ಇಟ್ಟವರು ಯಾರೇ ಇರಲಿ ಹೆಸರು ಹೇಳುತ್ತೇನೆ ಎಂದು ಎಲ್ಲರೆದುರು ಮಾತು ಕೊಟ್ಟ. ಮರುದಿನ ಬಂದು, ಇಲಿ ವೈರು ಕಡಿದಿದೆ, ಏನೂ ಮೂಡಿಲ್ಲ ಎಂದ. ಅಷ್ಟರ ಮೇಲೆ ಮಾತು ನಿಂತಿತು. ಅಜಿಂಕ್ಯ ಹೆಂಡತಿಯನ್ನು ಖಾನಾಪುರದ ತವರಿಗೆ ಕಳಿಸಿದ.

ದೀಪಾವಳಿ ಕಳೆದು ಕೆಲವು ದಿನಗಳಾಗಿದ್ದವು. ಶಿವಬಸವ್ವ ನಮ್ಮ ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಅದು ಇದು ಮಾತಾಡುತ್ತ ನಾನು, ಸುಲಭಾಬಾಯಿ ಬಹಳ ಇಳಿದುಹೋಗಿದ್ದಾರೆ, ಸೊಸೆ ಖಾನಾಪುರದಲ್ಲೂ ಊಟ ಮುಟ್ಟುತ್ತಿಲ್ಲವಂತೆ, ಯಾರು ಏನು ಬೆರೆಸಿದ್ದಾರೋ ಎಂಬ ಭಯವಂತೆ, ತೂಕ ಏರುವ ಬದಲು ಇಳಿಯುತ್ತಿದೆಯಂತೆ ಎಂದೆ. ಶಿವಬಸವ್ವನ ಕೈ ನಿಂತಿತು. ಮಡಿಲಲ್ಲಿದ್ದ ಸೊಪ್ಪು ಕೆಳಗಿಟ್ಟು ನನಗೆ ಎಲ್ಲವನ್ನೂ ಹೇಳಿದಳು.

ಕ್ಯಾಮೆರಾದಲ್ಲಿ ಬುಟ್ಟಿ ಹೊತ್ತ ತಾಯಿಯನ್ನು ಕಂಡ ಅಮರ ಅಂದು ಅಂಗಡಿಗೂ ಹೋಗದೆ ಆಕೆಯ ಎದುರು ಬಹಳ ಹೊತ್ತು ಕೂತಿದ್ದನಂತೆ. ಬೈಯಲಿಲ್ಲವಂತೆ. ಇದನ್ನು ಇಲ್ಲಿಗೆ ಬಿಟ್ಟುಬಿಡು, ನಿನ್ನ ಹೆಸರು ಮಂದಿಯ ಬಾಯಿಗೆ ಬೀಳುವುದು ನನಗೆ ಬೇಡ, ನಿನ್ನ ಸಲುವಾಗಿ ನಾನು ಸುಳ್ಳು ಹೇಳಿ ಬಂದಿದ್ದೇನೆ ಎಂದನಂತೆ. ಮಗನ ಮಾತಿಗೆ ಆಕೆ ಆಗಲಿ ಎಂದಿದ್ದಳು. ಮಾಟದ ಮುದುಕಿ ಎನಿಸಿಕೊಂಡು ಈ ವಯಸ್ಸಿನಲ್ಲಿ ಯಾರಿಗೆ ಮುಖ ತೋರಿಸಲಿ ಎಂದು ತನಗೂ ಅನ್ನಿಸಿತ್ತು.

"ಹೊಲದ ಉತಾರದಾಗಿಂದ ನಮ್ಮ ಹೆಸರು ತಗದು ಎಷ್ಟೋ ವರ್ಷ ಆತ್ರಿ ಅಕ್ಕಾರ," ಎಂದಳು. "ಈಗ ಈ ಎರಡನೇ ಉತಾರದಾಗ ನನ್ನ ಹೆಸರು ಹತ್ತತೈತಿ."

ನಾನು ಬುದ್ಧಿ ಹೇಳಿದೆ. ನಿಮ್ಮ ಹೆಸರು ಬೇಡ, ನಾನೇ ಹೋಗಿ ಅದು ಚರಗ ಇರಬಹುದು ಎಂದು ಸೂಕ್ಷ್ಮವಾಗಿ ತಿಳಿಸುತ್ತೇನೆ ಎಂದೆ. ಆಕೆ ತಲೆಯಾಡಿಸಿದಳು. ಇರಬಹುದು ಎಂದರೆ ಆ ಹುಡುಗಿಯ ಭಯ ಹೋಗುವುದಿಲ್ಲ, ಇಟ್ಟವಳೇ ಎದುರು ನಿಂತು ಹೇಳಿದರೆ ಮಾತ್ರ ಹೋದೀತು ಎಂದಳು. ಬಸುರಿ ಹೆಣ್ಣು ನನ್ನ ಕೈಯ ಅಡುಗೆಗೆ ಹೆದರಿ ಉಪವಾಸ ಕೂತಿರುವಾಗ ನನ್ನ ಮರ್ಯಾದೆಯನ್ನು ಏನು ಉಪ್ಪಿನಕಾಯಿ ಹಾಕಲೇ ಎಂದು ನನ್ನನ್ನೇ ಗದರಿಸಿದಳು. ಎದ್ದು ಹೋದವಳು ಮರಳಿ ಬಂದು, ನಾಳೆ ಖಾನಾಪುರಕ್ಕೆ ಜೊತೆಗೆ ಬರುತ್ತೀರಾ ಎಂದು ಕೇಳಿದಳು.

ಬೆಳಿಗ್ಗೆ ನಮ್ಮನ್ನು ಬಸ್‌ಸ್ಟ್ಯಾಂಡಿಗೆ ಕಾರಿನಲ್ಲಿ ತಂದು ಬಿಟ್ಟವನು ಅಮರ. ದಾರಿಯುದ್ದಕ್ಕೂ ಕನ್ನಡಿಯಲ್ಲಿ ತಾಯಿಯ ಮುಖವನ್ನೇ ನೋಡುತ್ತಿದ್ದ. ರಾತ್ರಿಯೇ ಮನೆಯಲ್ಲಿ ವಾದ ಆಗಿರಬೇಕು; ಆಕೆ ಹೋಗಿ ಹೇಳಿದರೆ ತಾಯಿ ಮಾಟಗಾತಿ, ಮಗ ಸುಳ್ಳುಗಾರ ಎಂದು ಕಾಲೋನಿ ಆಡಿಕೊಳ್ಳುವುದು ಅವನಿಗೆ ಗೊತ್ತಿತ್ತು. ಬಸ್ಸು ಹತ್ತುವಾಗ ತಾಯಿಯ ಕೈ ಹಿಡಿದು ಮೇಲೆ ಹತ್ತಿಸಿ, ಕಿಟಕಿಯ ಬಳಿ ಬಂದು ನಿಂತ.

"ಹೇಳಿ ಬಾ ಅವ್ವಾ. ಇಲಿ ಕಡದಿಲ್ಲಂತ ಮೀಟಿಂಗಿನ್ಯಾಗ ನಾ ಹೇಳ್ತೀನಿ," ಎಂದ.

ಭತ್ತದ ಕೊಯ್ಲು ನಡೆದಿತ್ತು. ಖಾನಾಪುರದ ರಸ್ತೆಗುಂಟ ಸೂಡು ಕಟ್ಟಿ ಒಟ್ಟಿದ್ದರು. ಶಿವಬಸವ್ವ ಕಿಟಕಿಗೆ ಹಣೆ ಹಚ್ಚಿ ಪ್ರತಿ ಗದ್ದೆಯನ್ನೂ ಓದುತ್ತ ಬಂದಳು: ಇದು ತಡವಾಗಿ ನಾಟಿದ್ದು, ಇದಕ್ಕೆ ಹಂದಿ ಬಿದ್ದಿವೆ, ಇವರದು ಚೆನ್ನಾಗಿ ಬಂದಿದೆ. ಊರು ಹತ್ತಿರವಾದಂತೆ ಗದ್ದೆಯ ನಡುವೆ ಸುಣ್ಣ ಬಳಿದ ಪ್ಲಾಟಿನ ಗಡಿಕಲ್ಲುಗಳು ಕಾಣತೊಡಗಿದವು. ಇಲ್ಲಿಯೂ ಕಲ್ಲು ನೆಟ್ಟಿದ್ದಾರೆ ಎಂದು ಹಣೆಯನ್ನು ಕಿಟಕಿಯಿಂದ ತೆಗೆದಳು. ಹಿಂದಿನದೆಲ್ಲ ಚಂದವಿತ್ತು ಎಂದು ಕಣ್ಣೀರು ಹಾಕುವವಳು ನಾನಲ್ಲ, ಆದರೆ ಬಿಟ್ಟು ಬಂದ ಊರೂ ಬಂದು ಸೇರಿದ ಊರೂ ಒಂದೇ ರೀತಿ ಕಳೆದುಹೋಗುವುದನ್ನು ಒಂದೇ ಜನ್ಮದಲ್ಲಿ ನೋಡುವುದೆಂದರೆ ಸಣ್ಣ ಮಾತಲ್ಲ.

ಮುಗ್ಧಾಳ ತಂದೆ ಮಾರ್ತಾಂಡರ ಮನೆ ಮಲಪ್ರಭೆಯ ಕಡೆ ಇಳಿಯುವ ಓಣಿಯಲ್ಲಿದೆ. ಸೊಸೆಯನ್ನು ನೋಡಲು ಸುಲಭಾಬಾಯಿಯೂ ಬಂದಿದ್ದರು. ನಮ್ಮನ್ನು ಕಂಡು ಸಂತೋಷಪಟ್ಟರು, ಚಹಾ ಬಂತು. ಮುಗ್ಧಾ ಗೋಡೆಗೆ ಆತು ಕೂತಿದ್ದಳು. ಹೊಟ್ಟೆ ಕಾಣುತ್ತಿತ್ತು, ಮುಖ ಬಾಡಿತ್ತು. ಶಿವಬಸವ್ವ ಚಹಾ ಮುಟ್ಟಲಿಲ್ಲ. ಕೈಯಲ್ಲಿದ್ದ ಬುತ್ತಿಯ ಗಂಟನ್ನು ಒಳಗೂ ತರದೆ ಹೊಸ್ತಿಲ ಹೊರಗೆ ಚಪ್ಪಲಿಯ ಬದಿಗೆ ಇಟ್ಟು ಬಂದಿದ್ದಳು. ಬಸುರಿಯನ್ನು ಬರಿಗೈಯಲ್ಲಿ ನೋಡಬಾರದೆಂದು ಕಡುಬು ಮಾಡಿ ಕಟ್ಟಿಕೊಂಡದ್ದು, ಆದರೆ ಆ ಮನೆಯಲ್ಲಿ ತನ್ನ ಅಡುಗೆಯನ್ನು ಎತ್ತಿ ಕೊಡಲು ಆಕೆಗೆ ಧೈರ್ಯವಿರಲಿಲ್ಲ.

ನಿಮ್ಮ ಬಾಗಿಲಿಗೆ ಎಲೆ ಇಟ್ಟವಳು ನಾನು ಎಂದು ನೇರವಾಗಿ ಹೇಳಿದಳು. ಅದು ಮಾಟವಲ್ಲ, ಚರಗ ಎಂದಳು. ಸುಲಭಾಬಾಯಿಯ ಕೈ ತಾನಾಗಿ ಮುಗ್ಧಾಳ ಹೊಟ್ಟೆಗೆ ಅಡ್ಡ ಹೋಯಿತು. ಚರಗ ಎಂಬ ಶಬ್ದ ಅವರಿಗೆ ಗೊತ್ತಿರಲಿಲ್ಲ. ಜನ್ಮವಿಡೀ ಕಚೇರಿಯ ಕನ್ನಡ ಆಡಿದವರಿಗೆ ಹೊಲದ ಕನ್ನಡ ಎಲ್ಲಿಂದ ಬರಬೇಕು? ಚರಗ ಅಂದರೂ ಉತಾರವೇ ಅಲ್ಲವೇ ಎಂದು ಕೇಳಿದರು.

ಆಗ ಶಿವಬಸವ್ವ ತನ್ನ ಬಾಲ್ಯದ ಭಾಷೆಗೆ ತಿರುಗಿದಳು.

"ಉತಾರಾ ನವ್ಹ, ಬಾಯಿ. ಭುಂಯಿಚ ಡೋಹಾಳಜೇವಣ," ಎಂದಳು.

ಉತಾರ ಅಲ್ಲ, ಭೂಮಿಯ ಬಯಕೆಯೂಟ. ಏಳನೇ ತಿಂಗಳಲ್ಲಿ ಬಸುರಿಗೆ ಹಸಿರು ಉಡಿಸಿ, ಉಡಿ ತುಂಬಿ, ಬೇಡಿದ್ದನ್ನು ಉಣಿಸುವ ಡೋಹಾಳಜೇವಣ ಗೊತ್ತಿಲ್ಲದ ಮರಾಠಿ ಮನೆಯಿಲ್ಲ. ಆ ಒಂದು ಮಾತಿಗೆ ಹಸಿರು ಬಳೆ, ಖಣ, ಕಡುಬು ಎಲ್ಲಕ್ಕೂ ಅರ್ಥ ಬಂತು. ಮಾರ್ತಾಂಡರು ಅರೇ ಎಂದು ಮೆಲ್ಲಗೆ ಉಸಿರು ಬಿಟ್ಟರು. ಶಿವಬಸವ್ವ ಮುಂದುವರಿದು, ಗಂಡನ ಜೊತೆ ಐದು ಕಲ್ಲು ಇಡುತ್ತಿದ್ದ ಮೂಲೆಯೇ ಈಗ ಅವರ ಗೇಟು ಎಂದೂ, ಅದಕ್ಕೇ ದೊಡ್ಡ ಎಡೆ ಅಲ್ಲಿಗೇ ಬಂತೆಂದೂ, ಮೊದಲು ಕೂಗುತ್ತ ಮಾಡುತ್ತಿದ್ದದ್ದನ್ನು ನಾಚಿ ಕದ್ದು ಮಾಡಿದ್ದೇ ತನ್ನ ತಪ್ಪೆಂದೂ ಹೇಳಿದಳು. ಬೈಯುವುದಿದ್ದರೆ ತನ್ನನ್ನು ಬೈಯಬೇಕು, ಮಗನನ್ನಲ್ಲ ಎಂದಳು. ಸುಲಭಾಬಾಯಿ ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಕೂತರು.

ಮುಗ್ಧಾ ಗೋಡೆ ಬಿಟ್ಟು ಮುಂದಕ್ಕೆ ಸರಿದು ಕೂತಳು.

"ಆದ್ರ ಆಜೀ, ಅಲ್ಲೀಗ ಬರೇ ಮನಿ ಅದಾವು. ಏನೂ ಬೆಳಿಯೂದಿಲ್ಲಲ್ಲ. ಮತ್ತ ಯಾರಿಗೆ ಉಣಸ್ತೀರಿ?"

ಇದೇ ಪ್ರಶ್ನೆಯನ್ನು ನಾನು ಅಂದು ಕಟ್ಟೆಯ ಮೇಲೆ ಕೇಳದೆ ಉಳಿದಿದ್ದೆ. ಶಿವಬಸವ್ವ ಆ ಹುಡುಗಿಯ ಹೊಟ್ಟೆಯನ್ನು ನೋಡಿದಳು.

"ಬೆಳಿಯೂದಿಲ್ಲಂತ ಯಾರಂದ್ರವಾ? ಮೊದಲ ಭತ್ತ ಬೆಳೀತಿತ್ತು, ಈಗ ಮಂದಿ ಬೆಳ್ಯಾಕತ್ಯಾರ. ಭೂಮಿ ಅಕೀನ ಇದ್ದಾಳ. ಆ ಹೊಲದಾಗ ಈ ವರ್ಷ ಬಸುರಿ ಆದಾಕಿ ನೀನ."

ಮುಗ್ಧಾ ಅಳತೊಡಗಿದಳು. ಅದು ಹೆದರಿಕೆಯ ಅಳುವಲ್ಲ ಎಂದು ಎಲ್ಲರಿಗೂ ತಿಳಿಯಿತು. ಯಾರೂ ಸುಮ್ಮನಿರಿಸಲು ಹೋಗಲಿಲ್ಲ. ಅತ್ತು ಮುಗಿಸಿ ಮೂಗು ಒರೆಸಿಕೊಂಡು, ಆ ಎಲೆಯಲ್ಲಿ ಏನೇನಿತ್ತು ಎಂದು ಕೇಳಿದಳು. ಶಿವಬಸವ್ವ ಒಂದೊಂದೇ ಹೇಳುತ್ತ ಹೋದಳು: ಹೂರಣದ ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರು ಕಲಸಿದ ಬುತ್ತಿ. ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಮೇಲಿಂದ ಕೊಡಬೇಕು ಎಂಬುದನ್ನೂ ಬಿಡಲಿಲ್ಲ.

ಹಸಿವಾಗಿದೆ ಎಂದಳು ಮುಗ್ಧಾ.

ಶಿವಬಸವ್ವನ ಕಣ್ಣು ಹೊಸ್ತಿಲ ಕಡೆ ಹೋಯಿತು, ಆದರೆ ಆಕೆ ಏಳಲಿಲ್ಲ. ಎದ್ದವರು ಸುಲಭಾಬಾಯಿ. ಹೊರಗೆ ಹೋಗಿ ಚಪ್ಪಲಿಯ ಬದಿಗಿದ್ದ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ತಂದು ಸೊಸೆಯ ಮುಂದೆ ಬಿಚ್ಚಿದರು. ಕಡುಬು ಇನ್ನೂ ಮೆತ್ತಗಿತ್ತು. ಮುಗ್ಧಾ ಒಂದು ತುದಿ ಮುರಿದು ಮೊದಲು ನೆಲದ ಮೇಲೆ ಇಟ್ಟಳು. ಉಳಿದದ್ದನ್ನು ತಾನು ತಿಂದಳು.